ಗಾಳಿಯಿಂದಲೇ ಮನೆ ಬೆಳಗಿಸಿದ ಚಾರ್ಲ್ಸ್ ಬ್ರಷ್: ತಾರಸಿ ಮೇಲಿನ ಪುಟ್ಟ ಫ್ಯಾನ್ ಇಡೀ ಮನೆಗೆ ಕರೆಂಟ್ ಕೊಟ್ಟೀತೇ?

ವಾಟ್ಸಾಪ್‌ನಲ್ಲಿ ಆಗಾಗ ಸುತ್ತು ಹೊಡೆಯುವ ಒಂದು ಬಗೆಯ ವಿಡಿಯೋ ನಿಮಗೂ ಬಂದಿರಬಹುದು. ತಾರಸಿ ಮೇಲೆ ಒಂದು ಕೊಳವೆ, ಅದರ ತುದಿಯಲ್ಲಿ ಪ್ಲಾಸ್ಟಿಕ್ ರೆಕ್ಕೆಗಳ ಪುಟ್ಟ ಫ್ಯಾನ್. ಗಾಳಿಗೆ ಅದು ಗಿರ್ರನೆ ತಿರುಗುತ್ತದೆ, ಕೆಳಗೆ ಬಲ್ಬು ಹೊತ್ತಿಕೊಳ್ಳುತ್ತದೆ. ಇದನ್ನು ಹಾಕಿಸಿಕೊಂಡರೆ ಜೀವನಪರ್ಯಂತ ಕರೆಂಟ್ ಬಿಲ್ಲೇ ಇಲ್ಲ ಎಂಬ ಒಕ್ಕಣೆ ಜೊತೆಗಿರುತ್ತದೆ. ಈ ವಿಷಯವನ್ನು ವಿದ್ಯುತ್ ಕಂಪನಿಗಳು ಮುಚ್ಚಿಟ್ಟಿವೆ, ಎಲ್ಲರಿಗೂ ಹಂಚಿ ಎಂಬ ಮನವಿಯೂ ಇರುತ್ತದೆ.

ಮನೆಯಲ್ಲೇ ಗಾಳಿಯಿಂದ ಕರೆಂಟ್ ತಯಾರಿಸಲು ಸಾಧ್ಯವೇ? ಖಂಡಿತ ಸಾಧ್ಯ. ಅದನ್ನು ಯಾರೂ ಮುಚ್ಚಿಟ್ಟಿಲ್ಲ. 135 ವರ್ಷಗಳಿಗೂ ಹಿಂದೆಯೇ ಅಮೆರಿಕದ ಒಬ್ಬ ಎಂಜಿನಿಯರ್ ತಮ್ಮ ಮನೆಯ ಹಿತ್ತಲಲ್ಲಿ ಗಾಳಿಯಂತ್ರ ನಿಲ್ಲಿಸಿ ಇಡೀ ಮನೆಯ ದೀಪ ಉರಿಸಿದರು. ಒಂದೆರಡು ದಿನವಲ್ಲ, ಸುಮಾರು 20 ವರ್ಷ. ಆ ಯಂತ್ರದ ಚಿತ್ರ ಮತ್ತು ಅಳತೆಗಳು ಆಗಿನ ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲೇ ಅಚ್ಚಾದವು. ಅವರ ಹೆಸರು ಚಾರ್ಲ್ಸ್ ಫ್ರಾನ್ಸಿಸ್ ಬ್ರಷ್. ಇಂದು ನಮಗೆ ಎಡಿಸನ್ ಹೆಸರಷ್ಟೇ ನೆನಪಿದೆ. ಆದರೆ 1880ರ ಸುಮಾರಿನಲ್ಲಿ ಅಮೆರಿಕದ ಬೀದಿದೀಪ ಎಂದರೆ ಮೊದಲು ಕೇಳಿಬರುತ್ತಿದ್ದುದು ಬ್ರಷ್ ಹೆಸರು.

ಅವರ ಬದುಕನ್ನು ತಿಳಿದರೆ ಆ ವಿಡಿಯೋದಲ್ಲಿ ನಿಜವೆಷ್ಟು, ಗಾಳಿಮಾತೆಷ್ಟು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ನೀವು ಇಂಥ ಯಂತ್ರಕ್ಕೆ ದುಡ್ಡು ಹಾಕುವ ಯೋಚನೆಯಲ್ಲಿದ್ದರೆ ಕೊನೆಯವರೆಗೂ ಓದಿ.

ಹೊಲದ ಮನೆಯ ಹುಡುಗ

ಬ್ರಷ್ ಹುಟ್ಟಿದ್ದು 1849ರ ಮಾರ್ಚ್ 17ರಂದು, ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಹತ್ತಿರದ ಒಂದು ಜಮೀನಿನಲ್ಲಿ. ಆ ಕಾಲದಲ್ಲಿ ವಿದ್ಯುತ್ ಎಂದರೆ ಟೆಲಿಗ್ರಾಫ್ ತಂತಿ ಮತ್ತು ಪ್ರಯೋಗಶಾಲೆಯ ಕಿಡಿ, ಅಷ್ಟೇ. ಮನೆಗಳಲ್ಲಿ ಎಣ್ಣೆ ದೀಪ, ದೊಡ್ಡ ಊರಿನ ಬೀದಿಗಳಲ್ಲಿ ಗ್ಯಾಸ್ ದೀಪ. ಹುಡುಗ ಬ್ರಷ್‌ಗೆ ಮಾತ್ರ ಆ ಕಿಡಿಯದೇ ಗೀಳು. ಕೈಗೆ ಸಿಕ್ಕ ಸಾಮಾನುಗಳಿಂದಲೇ ವಿದ್ಯುತ್ ಯಂತ್ರ ಮಾಡಿಕೊಂಡರು. ಹೈಸ್ಕೂಲಿನಲ್ಲಿರುವಾಗಲೇ ಒಂದು ಆರ್ಕ್ ದೀಪವನ್ನೂ ಕಟ್ಟಿದರು.

ಮುಂದೆ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎಂಬ ಕೋರ್ಸ್ ಆಗ ಇರಲೇ ಇಲ್ಲ. ಹಾಗಾಗಿ ಗಣಿ ಎಂಜಿನಿಯರಿಂಗ್ ಓದಿ 1869ರಲ್ಲಿ ಪದವಿ ಪಡೆದರು. ಊರಿಗೆ ಮರಳಿ ಕೆಲಕಾಲ ರಾಸಾಯನಿಕ ಪರೀಕ್ಷೆಯ ಕೆಲಸ, ಆಮೇಲೆ ಕಬ್ಬಿಣದ ಅದಿರಿನ ವ್ಯಾಪಾರ. ಹೊಟ್ಟೆಪಾಡು ಅದಿರಿನದ್ದಾದರೂ ಮನಸ್ಸು ಮಾತ್ರ ದೀಪದ ಮೇಲೆಯೇ ಇತ್ತು.

ಕುದುರೆ ನಡೆದು ಹುಟ್ಟಿಸಿದ ಕರೆಂಟ್

ಆರ್ಕ್ ದೀಪ ಎಂದರೇನು? ಎರಡು ಇದ್ದಿಲ ಕಡ್ಡಿಗಳ ತುದಿಗಳನ್ನು ಹತ್ತಿರ ಹಿಡಿದು ಜೋರಾದ ವಿದ್ಯುತ್ ಹರಿಸಿದರೆ ನಡುವಿನ ಸಂದಿಯಲ್ಲಿ ಕಣ್ಣು ಕೋರೈಸುವ ಬೆಳಕು ಹುಟ್ಟುತ್ತದೆ. ವೆಲ್ಡಿಂಗ್ ಮಾಡುವಾಗ ಕಾಣುವ ಬೆಳಕೂ ಇದೇ ಜಾತಿಯದು. ಇದು 19ನೇ ಶತಮಾನದ ಆರಂಭದಿಂದಲೇ ಗೊತ್ತಿತ್ತು. ಆದರೆ ಎರಡು ತೊಡಕುಗಳಿದ್ದವು. ಮೊದಲನೆಯದು, ಬ್ಯಾಟರಿಯಿಂದ ಉರಿಸಿದರೆ ಖರ್ಚು ವಿಪರೀತ. ಎರಡನೆಯದು, ಇದ್ದಿಲು ಉರಿದಂತೆ ಸಂದಿ ದೊಡ್ಡದಾಗಿ ದೀಪ ಆರಿಹೋಗುತ್ತದೆ. ಯಾರಾದರೂ ಪಕ್ಕದಲ್ಲೇ ನಿಂತು ಕಡ್ಡಿ ಸರಿಸುತ್ತಿರಬೇಕು.

ಬ್ರಷ್ ಎರಡಕ್ಕೂ ಕೈ ಹಾಕಿದರು. 1876ರಲ್ಲಿ ಹೊಸ ಬಗೆಯ ಡೈನಮೊ ಕಟ್ಟಿ, ಅದನ್ನು ತಮ್ಮ ಮನೆಯವರ ಜಮೀನಿಗೆ ಒಯ್ದು, ಕುದುರೆಗಳು ತಿರುಗಿಸುವ ಯಂತ್ರಕ್ಕೆ ಜೋಡಿಸಿ ಪರೀಕ್ಷಿಸಿದರು. ಕುದುರೆ ನಡೆದಂತೆ ಡೈನಮೊ ತಿರುಗಿತು, ವಿದ್ಯುತ್ ಹರಿಯಿತು. ಮುಂದಿನ ವರ್ಷವೇ ಅದಕ್ಕೆ ಪೇಟೆಂಟ್ ಸಿಕ್ಕಿತು. ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆ ಆಗ ಲಭ್ಯವಿದ್ದ ಡೈನಮೊಗಳನ್ನು ಹೋಲಿಸಿ ನೋಡಿದಾಗ ಬ್ರಷ್ ಅವರದ್ದೇ ಉತ್ತಮ ಎಂಬ ತೀರ್ಮಾನಕ್ಕೆ ಬಂತು.

ಈ ಕುದುರೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಡೈನಮೊ ತಾನಾಗಿ ವಿದ್ಯುತ್ ಸೃಷ್ಟಿಸುವುದಿಲ್ಲ. ತಿರುಗಿಸುವ ಶಕ್ತಿಯನ್ನು ವಿದ್ಯುತ್ತಾಗಿ ಬದಲಾಯಿಸುತ್ತದೆ ಅಷ್ಟೇ. ಕುದುರೆಯೋ, ಉಗಿಯೋ, ನೀರೋ, ಗಾಳಿಯೋ, ಯಾರಾದರೊಬ್ಬರು ತಿರುಗಿಸಲೇಬೇಕು. ಎಷ್ಟು ಬಲ ಹಾಕಿದರೋ ಅದಕ್ಕಿಂತ ಹೆಚ್ಚು ಹೊರಗೆ ಬರುವುದಿಲ್ಲ. ಟೇಬಲ್ ಫ್ಯಾನಿನ ಮುಂದೆ ಇನ್ನೊಂದು ಫ್ಯಾನ್ ಇಟ್ಟು, ಅದರ ಕರೆಂಟಿನಿಂದಲೇ ಮೊದಲ ಫ್ಯಾನ್ ತಿರುಗುವಂತೆ ತೋರಿಸುವ ವಿಡಿಯೋಗಳು ಬಂದರೆ ಅಲ್ಲಿಗೇ ಡಿಲೀಟ್ ಮಾಡಿ. ಎಲ್ಲೋ ಒಂದು ವೈರನ್ನು ಬಚ್ಚಿಟ್ಟಿರುತ್ತಾರೆ.

ಎರಡನೇ ತೊಡಕಿಗೆ ಬ್ರಷ್ ಕಂಡುಕೊಂಡ ಪರಿಹಾರವೂ ಸೊಗಸಾಗಿತ್ತು. ಇದ್ದಿಲು ಸವೆದಂತೆ ವಿದ್ಯುತ್ಕಾಂತವೊಂದು ಹಿಡಿತ ಸಡಿಲಿಸಿ ಕಡ್ಡಿಯನ್ನು ತಾನೇ ಕೆಳಗಿಳಿಸುವ ಏರ್ಪಾಟು ಮಾಡಿದರು. ಸಾಲಾಗಿ ಜೋಡಿಸಿದ ದೀಪಗಳಲ್ಲಿ ಒಂದು ಕೆಟ್ಟರೂ ಉಳಿದವು ಉರಿಯುತ್ತಲೇ ಇರುವಂತೆ ನೋಡಿಕೊಂಡರು. ಒಂದು ಜೋಡಿ ಕಡ್ಡಿ ಮುಗಿದರೆ ಎರಡನೇ ಜೋಡಿ ತಾನಾಗಿ ಹೊತ್ತಿಕೊಳ್ಳುವ, ರಾತ್ರಿಯಿಡೀ ಉರಿಯುವ ದೀಪವನ್ನೂ ಮಾಡಿದರು.

ಬೀದಿಗೆ ಬಂದ ಬೆಳಕು

1879ರ ಏಪ್ರಿಲ್ 29ರ ರಾತ್ರಿ ಕ್ಲೀವ್‌ಲ್ಯಾಂಡಿನ ಪಬ್ಲಿಕ್ ಸ್ಕ್ವೇರ್‌ನಲ್ಲಿ ಬ್ರಷ್ ಅವರ 12 ಆರ್ಕ್ ದೀಪಗಳು ಹೊತ್ತಿಕೊಂಡವು. ನೋಡಲು ಸಾವಿರಾರು ಜನ ಸೇರಿದ್ದರು. ಕಣ್ಣಿಗೆ ಅಪಾಯವಾದೀತೆಂದು ಕೆಲವರು ಮಸಿ ಹಿಡಿಸಿದ ಗಾಜು ತಂದಿದ್ದರಂತೆ. ಎಡಿಸನ್ ತಮ್ಮ ಬಲ್ಬನ್ನು ಜನರ ಮುಂದೆ ತೋರಿಸಿದ್ದು ಅದೇ ವರ್ಷದ ಕೊನೆಯಲ್ಲಿ. ಅಂದರೆ ಬೀದಿಗೆ ಮೊದಲು ವಿದ್ಯುತ್ ದೀಪ ತಂದವರು ಎಡಿಸನ್ ಎಂಬ ಫಾರ್ವರ್ಡ್ ಬಂದರೆ ಅದು ಸರಿಯಲ್ಲ. ಹಾಗೆಂದು ಬ್ರಷ್ ಅವರೇ ಮೊದಲಿಗರು ಎಂದೂ ಹೇಳುವಂತಿಲ್ಲ. ಅವರಿಗಿಂತ ಮೊದಲೇ ಪ್ಯಾರಿಸ್‌ನ ಕೆಲ ಬೀದಿಗಳಲ್ಲಿ ಬೇರೆ ಬಗೆಯ ಆರ್ಕ್ ದೀಪ ಉರಿದಿತ್ತು. ದೀಪ, ಡೈನಮೊ, ನಿಯಂತ್ರಣ ಎಲ್ಲವನ್ನೂ ಸೇರಿಸಿ ಊರಿಗೆ ಊರೇ ಕೊಂಡುಕೊಳ್ಳಬಹುದಾದ ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದು ಬ್ರಷ್ ಅವರ ಹೆಗ್ಗಳಿಕೆ.

1880ರಲ್ಲಿ ಬ್ರಷ್ ಎಲೆಕ್ಟ್ರಿಕ್ ಕಂಪನಿ ಶುರುವಾಯಿತು. ಅದೇ ವರ್ಷ ಇಂಡಿಯಾನಾ ರಾಜ್ಯದ ವಬಾಷ್ ಎಂಬ ಪುಟ್ಟ ಊರು ತನ್ನ ನ್ಯಾಯಾಲಯದ ಕಟ್ಟಡದ ತುದಿಗೆ ನಾಲ್ಕು ಬ್ರಷ್ ದೀಪ ಕಟ್ಟಿಸಿ ಊರನ್ನೇ ಬೆಳಗಿಸಿತು. ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯೂ ಬೆಳಗಿತು. ಮೂವತ್ತು ದಾಟಿದ ಕೆಲವೇ ವರ್ಷಗಳಲ್ಲಿ ಬ್ರಷ್ ಆಗರ್ಭ ಶ್ರೀಮಂತರಾದರು. ಕ್ಲೀವ್‌ಲ್ಯಾಂಡಿನ ಸಿರಿವಂತರ ಬೀದಿಯಾದ ಯೂಕ್ಲಿಡ್ ಅವೆನ್ಯೂದಲ್ಲಿ ದೊಡ್ಡ ಬಂಗಲೆ ಕಟ್ಟಿಸಿ, ಅದರ ನೆಲಮಾಳಿಗೆಯಲ್ಲಿ ತಮ್ಮ ಪ್ರಯೋಗಶಾಲೆ ಇಟ್ಟುಕೊಂಡರು.

ಹಿತ್ತಲಲ್ಲಿ ಎದ್ದು ನಿಂತ ದೈತ್ಯ

ಊರೂರಿಗೆ ಬೆಳಕು ಮಾರಿದವರ ಮನೆಗೆ ಕರೆಂಟ್ ಎಲ್ಲಿಂದ? ಬೀದಿದೀಪಕ್ಕೆ ಹರಿಯುತ್ತಿದ್ದ ವಿದ್ಯುತ್ತನ್ನು ನೇರವಾಗಿ ಮನೆಯ ಬಲ್ಬುಗಳಿಗೆ ಕೊಡಲು ಆಗುತ್ತಿರಲಿಲ್ಲ. ಮನೆಮನೆಗೆ ತಂತಿ ಎಳೆಯುವ ಕಾಲ ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಹಾಗಾಗಿ 1887-88ರ ಚಳಿಗಾಲದಲ್ಲಿ ಬ್ರಷ್ ಮನೆಯ ಹಿಂದಿನ ವಿಶಾಲ ಜಾಗದಲ್ಲಿ ಗಾಳಿಯಂತ್ರ ಕಟ್ಟಿಸಿದರು.

ಅದರ ಅಳತೆ ಕೇಳಿ. ಚಕ್ರದ ವ್ಯಾಸ 56 ಅಡಿ, ಅಂದರೆ ಸುಮಾರು 17 ಮೀಟರ್. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ 30×40 ಸೈಟಿನ ಒಂದು ಮೂಲೆಯಿಂದ ಎದುರು ಮೂಲೆಗೆ 50 ಅಡಿ. ಈ ಚಕ್ರವನ್ನು ಆ ಸೈಟಿನಲ್ಲಿ ಮಲಗಿಸಿದರೂ ಹಿಡಿಸುವುದಿಲ್ಲ. ಚಕ್ರಕ್ಕೆ ದೇವದಾರು ಮರದ 144 ರೆಕ್ಕೆಗಳು. ಗಾಳಿ ಬಂದ ದಿಕ್ಕಿಗೆ ಮುಖ ತಿರುಗಿಸಲು ಹಿಂದೆ 60 ಅಡಿ ಉದ್ದ, 20 ಅಡಿ ಅಗಲದ ಬಾಲ. ಗೋಪುರದ ಎತ್ತರ 60 ಅಡಿ, ಇಡೀ ಯಂತ್ರದ ತೂಕ 80,000 ಪೌಂಡ್, ಅಂದರೆ ಸುಮಾರು 36 ಟನ್. ದಸರಾ ಮೆರವಣಿಗೆಯ ಏಳು ದೊಡ್ಡ ಆನೆಗಳನ್ನು ಒಟ್ಟಿಗೆ ನಿಲ್ಲಿಸಿದಷ್ಟು ಭಾರ. ಇದರಲ್ಲಿ ಇನ್ನೂ ಅಚ್ಚರಿಯ ಸಂಗತಿ ಏನೆಂದರೆ, ಗಾಳಿಯ ದಿಕ್ಕು ಬದಲಾದಾಗ ಚಕ್ರ ಮಾತ್ರವಲ್ಲ, ಇಡೀ ಗೋಪುರವೇ ತನ್ನ ಕೆಳಗಿನ ಕಬ್ಬಿಣದ ಗೂಟದ ಮೇಲೆ ತಿರುಗುತ್ತಿತ್ತು. ಬಿರುಗಾಳಿ ಬೀಸಿದರೆ ಪಕ್ಕದಲ್ಲಿದ್ದ ಇನ್ನೊಂದು ಹಲಗೆ ಚಕ್ರವನ್ನು ಗಾಳಿಗೆ ಓರೆಯಾಗಿಸಿ ಕಾಪಾಡುತ್ತಿತ್ತು.

ಇಷ್ಟು ದೊಡ್ಡ ಚಕ್ರ ನಿಮಿಷಕ್ಕೆ ಸುತ್ತುತ್ತಿದ್ದುದು ಹೆಚ್ಚೆಂದರೆ ಹತ್ತು ಸುತ್ತು. ಡೈನಮೊಗೆ ಬೇಕಿದ್ದುದು 500 ಸುತ್ತು. ಹಾಗಾಗಿ ಬೆಲ್ಟು ಮತ್ತು ರಾಟೆಗಳ ಮೂಲಕ ವೇಗವನ್ನು 50 ಪಟ್ಟು ಹೆಚ್ಚಿಸುವ ಏರ್ಪಾಟು ಗೋಪುರದೊಳಗೇ ಇತ್ತು. ಇಷ್ಟೆಲ್ಲ ಮಾಡಿ ಸಿಗುತ್ತಿದ್ದುದು ಹೆಚ್ಚೆಂದರೆ 12 ಕಿಲೋವ್ಯಾಟ್.

ಆ ವಿದ್ಯುತ್ತು ನೇರವಾಗಿ ಬಲ್ಬಿಗೆ ಹೋಗುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ 408 ಬ್ಯಾಟರಿ ಕೋಶಗಳ ಸಾಲಿತ್ತು. ಗಾಳಿ ಇದ್ದಾಗ ಅವು ತುಂಬಿಕೊಳ್ಳುತ್ತಿದ್ದವು, ಇಲ್ಲದಾಗ ಮನೆಗೆ ಕೊಡುತ್ತಿದ್ದವು. ಡೈನಮೊ ಸಾಕಷ್ಟು ವೇಗ ಪಡೆದಾಗ ತಾನಾಗಿ ಬ್ಯಾಟರಿಗೆ ಜೋಡಣೆಯಾಗುವ, ವೇಗ ತಗ್ಗಿದಾಗ ತಾನಾಗಿ ಬಿಟ್ಟುಕೊಳ್ಳುವ ಸ್ವಯಂಚಾಲಿತ ಸ್ವಿಚ್ಚನ್ನು ಬ್ರಷ್ ಅಳವಡಿಸಿದ್ದರು. ಹೀಗೆ ಬಿಟ್ಟುಕೊಳ್ಳದಿದ್ದರೆ ಬ್ಯಾಟರಿಯ ವಿದ್ಯುತ್ತೇ ಹಿಂದಕ್ಕೆ ಹರಿದು ವ್ಯರ್ಥವಾಗುತ್ತಿತ್ತು. ಮನೆಯಲ್ಲಿ 350 ಬಲ್ಬುಗಳಿದ್ದವು. ದಿನನಿತ್ಯ ಬಳಸುತ್ತಿದ್ದುದು ಅವುಗಳಲ್ಲಿ ಸುಮಾರು 100. ಜೊತೆಗೆ ಎರಡು ಆರ್ಕ್ ದೀಪ ಮತ್ತು ಮೂರು ಮೋಟರುಗಳು.

1890ರ ಡಿಸೆಂಬರ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆ ಈ ಯಂತ್ರವನ್ನು ಚಿತ್ರಸಮೇತ ವರ್ಣಿಸಿತು. ಬ್ರಷ್ ಅವರ ಕೆಲಸವನ್ನು ಮನಸಾರೆ ಮೆಚ್ಚಿದ ಆ ಲೇಖನ ಓದುಗರಿಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತ್ತು. ಗಾಳಿಗೆ ದುಡ್ಡಿಲ್ಲ ಎಂದ ಮಾತ್ರಕ್ಕೆ ಈ ಬೆಳಕು ಅಗ್ಗ ಎಂದುಕೊಳ್ಳಬೇಡಿ, ಯಂತ್ರ ಕಟ್ಟುವ ಖರ್ಚು ಆ ಉಳಿತಾಯವನ್ನು ನುಂಗಿ ಮತ್ತೂ ಮೇಲಕ್ಕೆ ಹೋಗುತ್ತದೆ ಎಂಬುದು ಅದರ ಸಾರಾಂಶ. 1890ರಲ್ಲೇ ಹೇಳಿದ್ದ ಮಾತಿದು! ಇಂದಿನ ಫಾರ್ವರ್ಡ್‌ಗಳು ಬಿಟ್ಟುಬಿಡುವುದು ಸರಿಯಾಗಿ ಇದೇ ಮಾತನ್ನು.

ಬ್ರಷ್ ಮೊದಲಿಗರೇ?

ಗಾಳಿಯಿಂದ ಮನೆಗೆ ವಿದ್ಯುತ್ ಪಡೆದ ಮೊದಲ ವ್ಯಕ್ತಿ ಬ್ರಷ್ ಎಂದು ಹಲವೆಡೆ ಬರೆದಿರುತ್ತಾರೆ. ಅವರಿಗಿಂತ ಕೆಲವೇ ತಿಂಗಳು ಮೊದಲು, 1887ರ ಜುಲೈನಲ್ಲಿ, ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್ ಮ್ಯಾರಿಕರ್ಕ್ ಎಂಬ ಹಳ್ಳಿಯ ತಮ್ಮ ರಜಾಮನೆಯ ತೋಟದಲ್ಲಿ ಬಟ್ಟೆಯ ಹಾಯಿಗಳ ಗಾಳಿಯಂತ್ರ ನಿಲ್ಲಿಸಿ ದೀಪ ಉರಿಸಿದ್ದರು. ಮಿಕ್ಕ ವಿದ್ಯುತ್ತನ್ನು ಊರಿನ ಬೀದಿಗೆ ಕೊಡುತ್ತೇನೆಂದಾಗ, ಇದು ಸೈತಾನನ ಕೆಲಸವೆಂದು ಊರವರು ಬೇಡವೆಂದರಂತೆ. ಬ್ರಷ್ ಅವರ ಯಂತ್ರ ಅದಕ್ಕಿಂತ ಎಷ್ಟೋ ದೊಡ್ಡದು, ತಾನೇ ನಿಯಂತ್ರಿಸಿಕೊಳ್ಳುವಂಥದ್ದು. ಮೊದಲಿಗರು ಯಾರು ಎಂಬ ಜಗಳಕ್ಕಿಂತ ಒಂದು ಮಾತು ಗಮನಿಸಿ: ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಇಬ್ಬರೂ ಬ್ಯಾಟರಿಯನ್ನೇ ನೆಚ್ಚಿಕೊಳ್ಳಬೇಕಾಯಿತು. ನಮಗೆ ಬೇಕಾದಾಗ ಗಾಳಿ ಬೀಸುವುದಿಲ್ಲವಲ್ಲ!

ಲೆಕ್ಕ ಎಲ್ಲಿ ತಪ್ಪುತ್ತದೆ?

ಈಗ ತಾರಸಿಯ ಪುಟ್ಟ ಫ್ಯಾನಿಗೆ ಬರೋಣ. ಗಾಳಿಯಿಂದ ಎಷ್ಟು ವಿದ್ಯುತ್ ಸಿಗುತ್ತದೆ ಎಂಬುದನ್ನು ಮುಖ್ಯವಾಗಿ ಎರಡು ಸಂಗತಿಗಳು ತೀರ್ಮಾನಿಸುತ್ತವೆ.

ಮೊದಲನೆಯದು ಚಕ್ರದ ಅಗಲ. ವ್ಯಾಸ ಎರಡು ಪಟ್ಟಾದರೆ ಗಾಳಿ ಹಿಡಿಯುವ ಜಾಗ ನಾಲ್ಕು ಪಟ್ಟಾಗುತ್ತದೆ. ಬ್ರಷ್ ಅವರ 17 ಮೀಟರ್ ಚಕ್ರ ಹಿಡಿಯುತ್ತಿದ್ದ ಜಾಗ, ಒಂದು ಮೀಟರ್ ಅಗಲದ ಫ್ಯಾನ್ ಹಿಡಿಯುವುದಕ್ಕಿಂತ 289 ಪಟ್ಟು ಹೆಚ್ಚು.

ಎರಡನೆಯದು ಗಾಳಿಯ ವೇಗ. ಇಲ್ಲಿಯೇ ಹೆಚ್ಚಿನವರು ಎಡವುವುದು. ವೇಗ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಏಕೆಂದರೆ ಒಂದು ಸೆಕೆಂಡಿನಲ್ಲಿ ಚಕ್ರ ದಾಟುವ ಗಾಳಿಯ ಪ್ರಮಾಣ ಎರಡು ಪಟ್ಟು, ಆ ಗಾಳಿಯ ಪ್ರತಿ ಕಿಲೋ ಹೊತ್ತು ತರುವ ಶಕ್ತಿ ನಾಲ್ಕು ಪಟ್ಟು. ಇದನ್ನೇ ತಿರುಗಿಸಿ ನೋಡಿದರೆ, ವೇಗ ಅರ್ಧಕ್ಕೆ ಇಳಿದರೆ ಕರೆಂಟು ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ.

ಇದರ ಮೇಲೆ ಇನ್ನೊಂದು ಮಿತಿಯಿದೆ. ಗಾಳಿಯ ಶಕ್ತಿಯನ್ನು ಪೂರ್ತಿ ಹೀರಿಕೊಂಡರೆ ಗಾಳಿ ಚಕ್ರದ ಹಿಂದೆಯೇ ನಿಂತುಬಿಡಬೇಕು, ಆಗ ಹೊಸ ಗಾಳಿಗೆ ಜಾಗವಿರುವುದಿಲ್ಲ. ಹೀಗಾಗಿ ಇಂಥ ಯಾವ ಚಕ್ರವೂ ಗಾಳಿಯ ಶಕ್ತಿಯಲ್ಲಿ ಶೇ. 59.3ಕ್ಕಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸಣ್ಣ ಯಂತ್ರಗಳಲ್ಲಿ ಶೇ. 30 ಕೈಗೆ ಸಿಕ್ಕರೆ ಅದೇ ದೊಡ್ಡದು.

ಒಂದು ಮೀಟರ್ ಅಗಲದ ಫ್ಯಾನಿಗೆ ಇದೇ ಶೇ. 30ರ ಲೆಕ್ಕ ಹಾಕೋಣ.

• ಗಂಟೆಗೆ ಸುಮಾರು 11 ಕಿ.ಮೀ. ವೇಗದ ತಂಗಾಳಿ: ಸುಮಾರು 4 ವ್ಯಾಟ್. 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬಿಗೂ ಸಾಲದು.
• ಸುಮಾರು 22 ಕಿ.ಮೀ. ವೇಗ: ಸುಮಾರು 30 ವ್ಯಾಟ್. ಮೂರು ಬಲ್ಬು ಉರಿದೀತು.
• 36 ಕಿ.ಮೀ. ವೇಗದ ಬಿರುಸಾದ ಗಾಳಿ: ಸುಮಾರು 140 ವ್ಯಾಟ್. ಎರಡು ಹಳೆಯ ಮಾದರಿಯ ಸೀಲಿಂಗ್ ಫ್ಯಾನಿಗೆ ಸರಿ.

ನಿಮ್ಮ ಬಚ್ಚಲಿನ ಗೀಸರ್‌ಗೆ ಬೇಕಿರುವುದು ಸುಮಾರು 2,000 ವ್ಯಾಟ್. ತಂಗಾಳಿ ತಿಂಗಳಿಡೀ ಹಗಲು ರಾತ್ರಿ ನಿಲ್ಲದೆ ಬೀಸಿದರೂ ಆ ಫ್ಯಾನಿನಿಂದ ಸಿಗುವುದು ಮೂರು ಯೂನಿಟ್ ಆಸುಪಾಸು. ವಿಡಿಯೋದಲ್ಲಿ ಬಲ್ಬು ಹೊತ್ತಿದ್ದು ಸುಳ್ಳಾಗಿರಬೇಕೆಂದೇನಿಲ್ಲ. ಒಂದು ಬಲ್ಬಿಗೂ ಇಡೀ ಮನೆಗೂ ಇರುವ ಅಂತರವನ್ನು ಅದು ಹೇಳದೆ ಬಿಡುತ್ತದೆ, ಅಷ್ಟೇ.

ಹೆಚ್ಚು ರೆಕ್ಕೆ ಇದ್ದರೆ ಹೆಚ್ಚು ಕರೆಂಟೇ?

ಬ್ರಷ್ ಅವರ ಯಂತ್ರದಲ್ಲಿ 144 ರೆಕ್ಕೆಗಳಿದ್ದವಲ್ಲ, ಇಂದಿನ ದೊಡ್ಡ ಗಾಳಿಯಂತ್ರಗಳಿಗೆ ಮೂರೇ ಏಕೆ? ಕಂಪನಿಗಳು ದುಡ್ಡು ಉಳಿಸುತ್ತಿವೆ ಎಂಬ ಮಾತೂ ಓಡಾಡುತ್ತದೆ. ಕಾರಣ ಬೇರೆ. ಒತ್ತೊತ್ತಾಗಿ ರೆಕ್ಕೆಗಳಿದ್ದರೆ ಚಕ್ರಕ್ಕೆ ತಳ್ಳುವ ಬಲ ಚೆನ್ನಾಗಿ ಸಿಗುತ್ತದೆ, ಆದರೆ ಅದು ನಿಧಾನಕ್ಕೆ ತಿರುಗುತ್ತದೆ. ಬಾವಿಯಿಂದ ನೀರೆತ್ತಲು ಅದು ಸರಿ. ಡೈನಮೊಗೆ ಬೇಕಾದದ್ದು ವೇಗ. ಡೆನ್ಮಾರ್ಕಿನ ಆಸ್ಕೊವ್ ಎಂಬಲ್ಲಿ ಪಾಠ ಹೇಳುತ್ತಿದ್ದ ಪೌಲ್ ಲಾ ಕೂರ್ 1891ರಿಂದ ಪ್ರಯೋಗ ನಡೆಸಿ, ಕೆಲವೇ ರೆಕ್ಕೆಗಳು ವೇಗವಾಗಿ ತಿರುಗಿದರೆ ವಿದ್ಯುತ್ ಹೆಚ್ಚು ಸಿಗುತ್ತದೆಂದು ತೋರಿಸಿದರು. 1980ರ ದಶಕದಲ್ಲಿ ಅದೇ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದ 15 ಮೀಟರ್ ವ್ಯಾಸದ, ಮೂರು ರೆಕ್ಕೆಯ ಯಂತ್ರಗಳು 55 ಕಿಲೋವ್ಯಾಟ್ ಕೊಟ್ಟವು. ಬ್ರಷ್ ಅವರದ್ದಕ್ಕಿಂತ ಚಿಕ್ಕ ಚಕ್ರ, ನಾಲ್ಕು ಪಟ್ಟಿಗಿಂತ ಹೆಚ್ಚು ಕರೆಂಟ್.

ಕೊನೆಗೆ ಗಾಳಿಯಂತ್ರ ಏಕೆ ನಿಂತಿತು?

ಬ್ರಷ್ 1889ರಲ್ಲಿ ತಮ್ಮ ಕಂಪನಿಯನ್ನು ಥಾಮ್ಸನ್-ಹ್ಯೂಸ್ಟನ್ ಎಂಬ ಕಂಪನಿಗೆ ಮಾರಿದರು. 1892ರಲ್ಲಿ ಅದು ಎಡಿಸನ್ ಅವರ ಕಂಪನಿಯೊಂದಿಗೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. ಈ ಹೆಸರು ಕರ್ನಾಟಕದ ಕಥೆಯಲ್ಲೂ ಬರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಕರೆಂಟ್ ಹರಿದಾಗ ಅದರ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಇದೇ ಜನರಲ್ ಎಲೆಕ್ಟ್ರಿಕ್. 1905ರಲ್ಲಿ ಅದೇ ಕಾವೇರಿಯ ಕರೆಂಟು ಬೆಂಗಳೂರಿನ ಬೀದಿದೀಪಗಳಿಗೂ ಬಂತು.

ದೊಡ್ಡ ಕೇಂದ್ರದಲ್ಲಿ ವಿದ್ಯುತ್ ತಯಾರಿಸಿ ತಂತಿಯ ಮೂಲಕ ಹಂಚುವ ಈ ಪದ್ಧತಿಗೆ ಅಡಿಪಾಯ ಹಾಕಿದವರಲ್ಲಿ ಬ್ರಷ್ ಕೂಡ ಒಬ್ಬರು. ಅದೇ ಪದ್ಧತಿ ಬೆಳೆದು ಅವರ ಮನೆ ಬಾಗಿಲಿಗೂ ಬಂತು. 1900ರ ಹೊತ್ತಿಗೆ ಕ್ಲೀವ್‌ಲ್ಯಾಂಡಿನ ಮನೆಗಳಿಗೆ ನಗರದ ಕರೆಂಟ್ ಸಿಗತೊಡಗಿತು. ಸ್ವಿಚ್ ಒತ್ತಿದರೆ ದೀಪ. ಬೆಲ್ಟಿಗೆ ಎಣ್ಣೆ ಹಚ್ಚುವಂತಿಲ್ಲ, 408 ಕೋಶಗಳನ್ನು ಕಾಯುವಂತಿಲ್ಲ. ಗಾಳಿಯಂತ್ರದ ಬಳಕೆ ಕಡಿಮೆಯಾಗುತ್ತಾ ಬಂದು 1908ರ ಸುಮಾರಿಗೆ ನಿಂತಿತು. ಯಂತ್ರ ಸೋತದ್ದರಿಂದ ನಿಲ್ಲಲಿಲ್ಲ. ಅದಕ್ಕಿಂತ ಸುಲಭವಾದ, ಅಗ್ಗವಾದ ದಾರಿ ಸಿಕ್ಕಿದ್ದರಿಂದ ನಿಂತಿತು. ಯಾರೂ ಅದನ್ನು ಮುಚ್ಚಿಹಾಕಲಿಲ್ಲ, ಯಾವ ಪಿತೂರಿಯೂ ನಡೆಯಲಿಲ್ಲ.

ಇದೇ ಕಥೆ ಅಮೆರಿಕದ ಹಳ್ಳಿಗಳಲ್ಲಿ ಮತ್ತೊಮ್ಮೆ ನಡೆಯಿತು. 1920-30ರ ದಶಕಗಳಲ್ಲಿ ತಂತಿ ತಲುಪದ ಜಮೀನುಗಳಲ್ಲಿ ಜೇಕಬ್ಸ್ ಮುಂತಾದ ಕಂಪನಿಗಳ ಸಣ್ಣ ಗಾಳಿಯಂತ್ರಗಳು ರೇಡಿಯೋ ಮತ್ತು ದೀಪ ನಡೆಸಿದವು. 1936ರಲ್ಲಿ ಗ್ರಾಮೀಣ ವಿದ್ಯುದೀಕರಣ ಕಾಯ್ದೆ ಬಂದು ಹಳ್ಳಿಗಳಿಗೆ ಅಗ್ಗದ ಕರೆಂಟ್ ಹರಿದ ಮೇಲೆ ಅವೂ ಒಂದೊಂದಾಗಿ ಇಳಿದವು.

ಬ್ರಷ್ ಕೂಡ ಎಡವಿದ್ದರು

ಕಂಪನಿ ಮಾರಿದ ಮೇಲೆ ಬ್ರಷ್ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲೇ ಹೆಚ್ಚು ಕಾಲ ಕಳೆದರು. 1898ರಲ್ಲಿ ತಾವು ಈಥೇರಿಯಾನ್ ಎಂಬ ಹೊಸ ಅನಿಲ ಕಂಡುಹಿಡಿದಿರುವುದಾಗಿ ಪ್ರಕಟಿಸಿದರು. ಜಲಜನಕಕ್ಕಿಂತಲೂ ಹಗುರ, ಬಾಹ್ಯಾಕಾಶದಲ್ಲೆಲ್ಲ ಹರಡಿದೆ ಎಂಬುದು ಅವರ ಊಹೆಯಾಗಿತ್ತು. ಬೇರೆ ವಿಜ್ಞಾನಿಗಳು ಪರಿಶೀಲಿಸಿದಾಗ ಅದು ಗಾಜಿನಿಂದ ಹೊರಬಿದ್ದ ಬರೀ ನೀರಾವಿ ಎಂಬ ತೀರ್ಮಾನಕ್ಕೆ ಬಂದರು. ದೊಡ್ಡವರ ಹೆಸರು ಹಾಕಿದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ಪರೀಕ್ಷೆಯಲ್ಲಿ ನಿಂತರೆ ಮಾತ್ರ ಅದು ವಿಜ್ಞಾನ. ಗಾಳಿಯಂತ್ರ ನಿಂತಿತು, ಈಥೇರಿಯಾನ್ ನಿಲ್ಲಲಿಲ್ಲ.

ಅವರ ಇತರ ಸಾಧನೆಗಳಿಗೆ ಇದರಿಂದ ಕುಂದೇನೂ ಬರಲಿಲ್ಲ. 1899ರಲ್ಲಿ ರಂಫರ್ಡ್ ಪದಕ, 1913ರಲ್ಲಿ ಎಡಿಸನ್ ಹೆಸರಿನ ಪದಕ ಸಿಕ್ಕಿತು. ಗಾಳಿಯನ್ನು ತಣಿಸಿ ಆಮ್ಲಜನಕ ಬೇರ್ಪಡಿಸುವ ಲಿಂಡೆ ಏರ್ ಪ್ರಾಡಕ್ಟ್ಸ್ ಕಂಪನಿ ಅಮೆರಿಕದಲ್ಲಿ 1907ರಲ್ಲಿ ಶುರುವಾದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಪತ್ನಿ ಮೇರಿ 1902ರಲ್ಲಿ, ಮಗ ಚಾರ್ಲ್ಸ್ ಜೂನಿಯರ್ 1927ರಲ್ಲಿ ತೀರಿಕೊಂಡರು. ವಯಸ್ಸಾದ ತಂದೆಗೆ ಮಗನ ಸಾವು ದೊಡ್ಡ ಪೆಟ್ಟಾಯಿತು. 1929ರ ಜೂನ್ 15ರಂದು, 80ನೇ ವಯಸ್ಸಿನಲ್ಲಿ, ಕ್ಲೀವ್‌ಲ್ಯಾಂಡಿನಲ್ಲೇ ಬ್ರಷ್ ಕೊನೆಯುಸಿರೆಳೆದರು. ಇಂದು ಆ ಬಂಗಲೆಯೂ ಇಲ್ಲ, ಗಾಳಿಯಂತ್ರವೂ ಇಲ್ಲ.

ಹಾಗಾದರೆ ಮನೆಗೆ ಗಾಳಿಯಂತ್ರ ಹಾಕಿಸಲೇಬಾರದೇ?

ಹಾಗೇನಿಲ್ಲ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಸಾಲುಸಾಲು ದೈತ್ಯ ಯಂತ್ರಗಳು ತಿರುಗುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿ ಗಾಳಿ ಇದೆ, ಎತ್ತರವಿದೆ, ಅಡ್ಡಿಯಿಲ್ಲ. ಅಂಥ ಬಯಲು ಗುಡ್ಡದ ತೋಟದ ಮನೆ, ತಂತಿ ಎಳೆಯಲು ದುಬಾರಿಯಾಗುವ ಒಂಟಿ ಜಾಗ, ಇಂಥ ಕಡೆ ಸಣ್ಣ ಗಾಳಿಯಂತ್ರ ಸೋಲಾರ್ ಜೊತೆ ಸೇರಿ ಉಪಕಾರಿಯಾಗಬಲ್ಲದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಸೋಲಾರ್ ಸೊರಗುವ ಹೊತ್ತಿಗೇ ಗಾಳಿ ಜೋರಾಗಿರುತ್ತದೆ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಕಣ ಮಾಡುವ ಮೊದಲು ಅಲ್ಲಿ ಗಾಳಿ ಬೀಸುತ್ತದೆಯೇ ಎಂದು ನೋಡಿಕೊಂಡವರೂ ಅವರೇ.

ನಗರದ ತಾರಸಿಯ ಕಥೆ ಬೇರೆ. ಅಕ್ಕಪಕ್ಕದ ಕಟ್ಟಡ, ನೀರಿನ ಟ್ಯಾಂಕು, ತೆಂಗಿನ ಮರಗಳಿಗೆ ಬಡಿದು ಗಾಳಿ ನಿಧಾನವಾಗುತ್ತದೆ, ಸುಳಿಸುಳಿಯಾಗುತ್ತದೆ. ಸುಳಿಗಾಳಿಯಲ್ಲಿ ರೆಕ್ಕೆ ತಿರುಗಿದಂತೆ ಕಂಡರೂ ಕರೆಂಟ್ ಹೆಚ್ಚು ಹುಟ್ಟುವುದಿಲ್ಲ. ಯಂತ್ರದ ನಡುಕ ಗೋಡೆಗೂ ಇಳಿಯುತ್ತದೆ.

ದುಡ್ಡು ಕೊಡುವ ಮುನ್ನ ಇಷ್ಟನ್ನು ಗಮನಿಸಿ:

• ಯಂತ್ರದ ಮೇಲೆ ಬರೆದ ವ್ಯಾಟ್ ಯಾವ ಗಾಳಿವೇಗಕ್ಕೆ ಎಂದು ಕೇಳಿ. ಹೆಚ್ಚಿನವು ಗಂಟೆಗೆ 40 ಕಿ.ಮೀ. ಆಸುಪಾಸಿನ ವೇಗಕ್ಕೆ ಬರೆದವು. ನಿಮ್ಮ ಮನೆ ಮೇಲೆ ಅದರ ಅರ್ಧ ವೇಗವಿದ್ದರೆ ಸಿಗುವುದು ಎಂಟನೇ ಒಂದು ಭಾಗ.
• ರೆಕ್ಕೆಯ ವ್ಯಾಸ ಅಳೆಯಿರಿ. ಒಂದು ಮೀಟರ್ ಫ್ಯಾನಿಗೆ ಸಾವಿರಾರು ವ್ಯಾಟ್ ಎಂದು ಹೇಳಿದರೆ ಅಲ್ಲಿಗೆ ಮಾತು ಮುಗಿಸಿ.
• ಸುತ್ತ 150 ಮೀಟರ್ ಒಳಗಿನ ಮರ, ಕಟ್ಟಡಗಳಿಗಿಂತ ಕನಿಷ್ಠ 9 ಮೀಟರ್ ಎತ್ತರದಲ್ಲಿ ಚಕ್ರ ಇರಬೇಕು. ಅಷ್ಟು ಎತ್ತರದ ಕಂಬ, ಅದರ ಅಡಿಪಾಯ, ಸಿಡಿಲಿನ ರಕ್ಷಣೆ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿ.
• ಸಾಧ್ಯವಾದರೆ ಗಾಳಿವೇಗ ಅಳೆಯುವ ಸಾಧನ ಇಟ್ಟು ಒಂದು ವರ್ಷದ ಲೆಕ್ಕ ಬರೆಯಿರಿ. ಬ್ಯಾಟರಿಯನ್ನು ಕೆಲ ವರ್ಷಕ್ಕೊಮ್ಮೆ ಬದಲಾಯಿಸುವ ಖರ್ಚನ್ನೂ ಮರೆಯಬೇಡಿ.
• ಅನುಮತಿ ಮತ್ತು ಸರಿಯಾದ ಇನ್ವರ್ಟರ್ ಇಲ್ಲದೆ ಮನೆಯ ಲೈನಿಗೆ ಯಾವುದೇ ಜನರೇಟರ್ ಜೋಡಿಸಬೇಡಿ. ಕರೆಂಟ್ ಹೋದಾಗ ನಿಮ್ಮ ಯಂತ್ರದ ವಿದ್ಯುತ್ ಹಿಂದಕ್ಕೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್ ಪ್ರಾಣಕ್ಕೇ ಕುತ್ತು. ಬಿಲ್ ಉಳಿಸಲು ಹೋಗಿ ಇನ್ನೊಬ್ಬರ ಮನೆಯ ದೀಪ ಆರಿಸುವುದು ಬೇಡ.

ನಮ್ಮ ತೀರ್ಮಾನ

ಗಾಳಿಯಿಂದ ಮನೆಗೆ ಕರೆಂಟ್ ಪಡೆಯಬಹುದು: ನಿಜ. 1887-88ರಲ್ಲೇ ಅದು ಸಾಬೀತಾಗಿದೆ.

ತಾರಸಿಯ ಪುಟ್ಟ ಫ್ಯಾನಿನಿಂದ ಇಡೀ ಮನೆಗೆ ಜೀವನಪರ್ಯಂತ ಕರೆಂಟ್: ಸುಳ್ಳು. ವಿದ್ಯುತ್ ಯಂತ್ರಗಳನ್ನು ಅರೆದು ಕುಡಿದಿದ್ದ, ಹಣಕ್ಕೆ ಕೊರತೆಯಿಲ್ಲದ ಬ್ರಷ್ ಅವರಿಗೇ ಅದಕ್ಕಾಗಿ 56 ಅಡಿ ಚಕ್ರ, 36 ಟನ್ ಯಂತ್ರ, 408 ಬ್ಯಾಟರಿ ಕೋಶ ಬೇಕಾಯಿತು.

ಈ ತಂತ್ರವನ್ನು ಕಂಪನಿಗಳು ಮುಚ್ಚಿಟ್ಟಿವೆ: ಸುಳ್ಳು. 1890ರಲ್ಲೇ ಪತ್ರಿಕೆಯಲ್ಲಿ ಚಿತ್ರಸಮೇತ ಪ್ರಕಟವಾಗಿದೆ.

ಮುಂದಿನ ಸಲ ಆ ವಿಡಿಯೋ ನಿಮ್ಮ ಕುಟುಂಬದ ಗ್ರೂಪಿಗೆ ಬಂದಾಗ ಒಂದೇ ಪ್ರಶ್ನೆ ಕೇಳಿ: ಚಕ್ರ ಎಷ್ಟು ಅಗಲ, ಗಾಳಿ ಎಷ್ಟು ವೇಗ? ಉತ್ತರ ಬಾರದಿದ್ದರೆ ಈ ಲೇಖನವನ್ನು ಫಾರ್ವರ್ಡ್ ಮಾಡಿ. ಯಾರದ್ದೋ ಮನೆಯ ಉಳಿತಾಯದ ಹಣ ಗಾಳಿಗೆ ಹೋಗುವುದು ತಪ್ಪಬಹುದು.